ಗುಂಡ ಮಲಗಿದ ಚೀಲ

ಮಾರ್ಚ್ 6

ಮರಿಕೋಣೆಯ ಮೇಲ್ವಿಚಾರಕಿಯವರಿಗೆ,

ನೀವು ಬೆಟ್ಟದಿಂದ ಕಳಿಸಿದ ಪಾಂಡಾ ಮರಿ ನಮ್ಮ ಮೃಗಾಲಯಕ್ಕೆ ಕ್ಷೇಮವಾಗಿ ಬಂದಿಳಿದಿದೆ. ಪೆಟ್ಟಿಗೆಗೆ ಒಂದು ಗೀರೂ ಬಿದ್ದಿಲ್ಲ. ಇಳಿಸಿಕೊಂಡವರಲ್ಲಿ ಒಬ್ಬನ ಸೊಂಟ ಉಳುಕಿದೆ. ಅದು ನಮ್ಮ ಪಾಲಿನ ನಷ್ಟ, ನಿಮ್ಮದಲ್ಲ.

ನಾನು ಇಲ್ಲಿ ಕರಡಿ ವಿಭಾಗದ ಪಾಲಕ. ಇಷ್ಟು ವರ್ಷ ಕಂದು ಕರಡಿಗಳ ಜೊತೆ ಏಗಿದವನು. ಪಾಂಡಾ ಕೂಡ ಕರಡಿಯ ಜಾತಿಯೇ ತಾನೇ ಎಂಬ ಒಂದೇ ಕಾರಣಕ್ಕೆ ಇದನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಆದ್ದರಿಂದ ಈ ಪತ್ರ. ಮುಂದೆಯೂ ಬರೆದು ಪೀಡಿಸುವವನಿದ್ದೇನೆ.

ಮೊದಲನೆಯದು, ಹೆಸರು. ಕಾಗದಪತ್ರಗಳಲ್ಲಿ ಬರೀ ಸಂಖ್ಯೆ ಇದೆ. ಸಂಖ್ಯೆ ಹಿಡಿದು ಕರೆದರೆ ಅದು ತಿರುಗಿ ನೋಡುವುದಿಲ್ಲ, ಕರೆದ ನನಗೂ ಬ್ಯಾಂಕಿನಲ್ಲಿ ನಿಂತ ಹಾಗಾಗುತ್ತದೆ. ನೀವು ಏನೆಂದು ಕರೆಯುತ್ತಿದ್ದಿರಿ?

ಎರಡನೆಯದು, ಫಲಕ. ಆವರಣದ ಮುಂದೆ ಪ್ರಶ್ನೋತ್ತರದ ಫಲಕ ಹಾಕಬೇಕಂತೆ. "ಜನ ಕೇಳಿದ್ದನ್ನೇ ಕೇಳ್ತಾರೆ ಕಣ್ರೀ. ನೀವು ಹೇಳಿದ್ದನ್ನೇ ಹೇಳೋ ಬದಲು ಬರೆದು ನೇತುಹಾಕಿಬಿಡಿ" ಎಂದರು ನಮ್ಮ ಸಾಹೇಬರು. ನನಗೆ ಪ್ರಾಸದ ಚಟ. ಬೇರೆ ಚಟಗಳನ್ನು ಮನೆಯಾಕೆ ಬಿಡಿಸಿದ್ದಾಳೆ. ಕರಡು ಕೆಳಗಿದೆ, ತಪ್ಪಿದ್ದರೆ ತಿದ್ದಿ.

ಎಷ್ಟಿರುತ್ತೆ, ಏನು ತಿನ್ನುತ್ತೆ?
ಹುಟ್ಟಿದಾಗ ಇಲಿಯಷ್ಟು, ಬೆಳೆದ ಮೇಲೆ ಗುಡ್ಡದಷ್ಟು;
ಬಿದಿರು ಅಂದ್ರೆ ಪ್ರಾಣದಷ್ಟು, ಎಷ್ಟು ಕೊಟ್ರೂ ಇನ್ನಷ್ಟು!

ಅವಳಿ ಹುಟ್ಟಿದರೆ?
ಅಮ್ಮನ ತೋಳಲಿ ಅವಳಿ ಜವಳಿ,
ಒಂದು ಎಡಕೆ, ಒಂದು ಬಲಕೆ ಹೊರಳಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಕರಡಿ ವಿಭಾಗದ ಪಾಲಕ

ತಾ.ಕ.: ಮರಿ ಇನ್ನೂ ಏನೂ ತಿಂದಿಲ್ಲ. ಪ್ರಯಾಣದ ದಣಿವಿರಬೇಕು.


ಮಾರ್ಚ್ 14

ಕರಡಿ ವಿಭಾಗದ ಪಾಲಕರಿಗೆ,

ನಿಮ್ಮ ಪತ್ರದಲ್ಲಿ ಓದಬೇಕಾದದ್ದು ಕೊನೆಯ ಸಾಲು. ಅದನ್ನು ಮೊದಲು ಬರೆಯಬೇಕಿತ್ತು.

ಮರಿಗೆ ಬೆರಳಿನ ದಪ್ಪದ ಬಿದಿರು ಕೊಡಿ, ಅದಕ್ಕಿಂತ ದಪ್ಪದ್ದು ಬೇಡ. ಎಲೆ ಒದ್ದೆಯಿರಲಿ. ಸೇಬನ್ನು ನೆಲದ ಮೇಲಿಟ್ಟು ನೀವು ಬೇರೆ ಕಡೆ ನೋಡಿ. ಎದುರಿಗೆ ನಿಂತು ನೋಡಿದರೆ ಅವನು ತಿನ್ನುವುದಿಲ್ಲ. ಹಾಗೂ ತಿನ್ನದಿದ್ದರೆ ಕೂಡಲೇ ಬರೆಯಿರಿ. ಫೋನು ಬೇಡ. ಫೋನು ನಮ್ಮ ನಿರ್ದೇಶಕರ ಕೋಣೆಯಲ್ಲಿದೆ. ನಿಮ್ಮ ಪ್ರಶ್ನೆ ನನಗೆ ಕೇಳಿಸುವ ಮೊದಲೇ ಅವರು ಉತ್ತರ ಹೇಳಿ ಇಟ್ಟುಬಿಡುತ್ತಾರೆ.

ಹೆಸರು ತುಂಡ. ಇವನ ಅಣ್ಣ ಗುಂಡ ಇಲ್ಲೇ ತಾಯಿಯ ಜೊತೆ ಇದ್ದಾನೆ. ಅವಳಿ. ಗುಂಡ ಮೊದಲು ಹುಟ್ಟಿದ, ಗುಂಡಗಿದ್ದ. ಆಮೇಲೆ ಇವನು ಬಂದ. ಅಣ್ಣನಿಂದ ಮುರಿದು ಬಿದ್ದ ತುಂಡಿನಂತಿದ್ದ. ಪ್ರಾಸ ನಮ್ಮ ಉದ್ದೇಶವಾಗಿರಲಿಲ್ಲ.

ಫಲಕದ ವಿಷಯ. "ಇಲಿಯಷ್ಟು" ಸರಿ. "ಗುಡ್ಡದಷ್ಟು" ಅತಿಯಾಯಿತು. ಅವಳಿಯ ಉತ್ತರ ಪೂರ್ತಿ ತಪ್ಪು. ಪಾಂಡಾ ತಾಯಿ ಎರಡು ಹೆತ್ತರೂ ಸಾಮಾನ್ಯವಾಗಿ ಒಂದನ್ನೇ ಎತ್ತಿಕೊಳ್ಳುತ್ತಾಳೆ. ಇನ್ನೊಂದು ನೆಲದ ಮೇಲೆ ಕೂಗುತ್ತಿರುತ್ತದೆ. ಕೆಟ್ಟ ಮನಸ್ಸಿನಿಂದಲ್ಲ. ಮೈಮೇಲೆ ಕೂದಲಿಲ್ಲದ, ಕಣ್ಣು ತೆರೆಯದ, ಅಂಗೈಯಷ್ಟು ಮರಿಯನ್ನು ಅವಳು ಹಗಲಿರುಳು ಎದೆಗೊತ್ತಿಕೊಂಡು ಕೂರಬೇಕು. ಎರಡಕ್ಕಾಗುವಷ್ಟು ಹಾಲೂ ಇಲ್ಲ, ಕೈಯೂ ಇಲ್ಲ. ನೆಲಕ್ಕೆ ಬಿದ್ದದ್ದನ್ನು ನಾವು ಎತ್ತಿ ಶಾಖದ ಪೆಟ್ಟಿಗೆಯಲ್ಲಿಡುತ್ತೇವೆ. ಆಮೇಲೆ ಅದಲುಬದಲು. ತಾಯಿಯ ಮುಂದೆ ಜೇನುನೀರಿನ ಬಟ್ಟಲು ಹಿಡಿಯುವುದು, ಅವಳು ಮೂತಿ ಇಳಿಸಿದಾಗ ತೋಳಿನಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವುದು. ದಿನಕ್ಕೆ ಹಲವು ಸಲ. ಅದು ನನ್ನ ಕೆಲಸ.

ಬೇರೆ ಕಡೆ ಕೆಲವು ತಿಂಗಳಾದ ಮೇಲೆ ಎರಡನ್ನೂ ಒಟ್ಟಿಗೆ ಬಿಡುತ್ತಾರೆ. ನಮ್ಮ ತಾಯಿ ಒಪ್ಪಲಿಲ್ಲ. ಎರಡನ್ನೂ ಒಟ್ಟಿಗೆ ಕಂಡ ದಿನ ಎರಡನ್ನೂ ಬಿಟ್ಟು ಮರ ಹತ್ತಿ ಕೂತಳು. ಹಾಗಾಗಿ ಮರಿಗಳು ಓಡಾಡುವಂತಾದ ಮೇಲೂ ಅದಲುಬದಲು ನಡೆದೇ ಇತ್ತು. ಬೆಳಿಗ್ಗೆ ಒಂದು ಬಾಗಿಲಿನಿಂದ ಗುಂಡ ಒಳಗೆ, ಇನ್ನೊಂದರಿಂದ ತುಂಡ ಹೊರಗೆ, ಸಂಜೆ ತಿರುಗುಮುರುಗು. ಆ ಒಂದು ಗಳಿಗೆ ಬಿಟ್ಟರೆ ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಹುಟ್ಟಿದ್ದು ಎರಡು. ತಾಯಿಯ ಲೆಕ್ಕಕ್ಕೆ ಒಂದೇ. ಫಲಕದಲ್ಲಿ ಹಾಗೆ ಬರೆಯಿರಿ.

ಮರಿಕೋಣೆಯ ಮೇಲ್ವಿಚಾರಕಿ


ಮಾರ್ಚ್ 22

ಮೇಡಂ,

ಕೊನೆಯ ಸಾಲು ಮೊದಲು: ತುಂಡ ತಿನ್ನುತ್ತಿಲ್ಲ.

ಬೆರಳಿನ ದಪ್ಪದ್ದು ಕೊಟ್ಟೆ, ಎಲೆ ಒದ್ದೆ ಮಾಡಿ ಕೊಟ್ಟೆ, ಬೇರೆ ಕಡೆ ನೋಡಿ ನೋಡಿ ಕುತ್ತಿಗೆ ಹಿಡಿಯಿತು. ನೀರು ಕುಡಿಯುತ್ತಾನೆ, ಸೀಸೆ ಬಾಯಿಗಿಟ್ಟರೆ ನಾಲ್ಕು ಗುಟುಕು ಹಾಲು, ಅಷ್ಟೇ. ಬಿದಿರನ್ನು ಮೂಸಿ ಪಕ್ಕಕ್ಕಿಡುತ್ತಾನೆ, ನೆಂಟರ ಮನೆಯಲ್ಲಿ ಉಪ್ಪು ಹೆಚ್ಚಾದ ಊಟವನ್ನು ಬದಿಗೆ ಸರಿಸುವ ಮರ್ಯಾದಸ್ಥನ ಹಾಗೆ.

ಅವನು ಮಾಡುವ ಕೆಲಸ ಒಂದೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹಿಂದಿನ ಕಬ್ಬಿಣದ ಬಾಗಿಲಿನ ಮುಂದೆ ಬಂದು ಕೂರುತ್ತಾನೆ. ಬಾಗಿಲು ತೆಗೆದೆ. ಆಚೆ ಕೋಣೆಗೆ ಹೋದ, ಒಂದು ಸುತ್ತು ಹಾಕಿದ, ಹುಲ್ಲಿನ ಹಾಸಿಗೆಗೆ ಮೂತಿಯಿಟ್ಟ, ವಾಪಸ್ಸು ಬಂದ, ಮತ್ತೆ ಬಾಗಿಲಿಗೆ ಎದುರಾಗಿ ಕೂತ. ಬಸ್ಸು ತಪ್ಪಿದವನಿಗೂ ಇಷ್ಟು ತಾಳ್ಮೆಯಿರುವುದಿಲ್ಲ.

ಟಿಕೆಟ್ ಕೊಡುವಾಕೆ ಬಂದು ನೋಡಿ, "ದುಡ್ಡು ಕೊಟ್ಟು ಬಂದೋರಿಗೆ ಬೆನ್ನು ತೋರಿಸ್ಕೊಂಡು ಕೂತಿದ್ದಾನಲ್ರೀ! ಇಷ್ಟಕ್ಕೆ ನಮ್ಮನೆಯವರನ್ನೇ ಕೂರಿಸಬಹುದಿತ್ತು, ಸಾಗಣೆ ಖರ್ಚಾದ್ರೂ ಉಳೀತಿತ್ತು" ಎಂದಳು. ಮಕ್ಕಳು ಕೇಳುವ ಪ್ರಶ್ನೆ ಈಗ ಒಂದೇ: "ಅಂಕಲ್, ಅದು ಬೊಂಬೇನಾ?" ಇದನ್ನು ಫಲಕಕ್ಕೆ ಸೇರಿಸಿಲ್ಲ.

ಒಪ್ಪಂದದ ಪ್ರಕಾರ ತೂಕ ಒಂದು ಮಟ್ಟಕ್ಕಿಂತ ಇಳಿದರೆ ಮರಿಯನ್ನು ನಿಮಗೆ ಹಿಂತಿರುಗಿಸಬೇಕು. ಆ ಮಟ್ಟ ಹತ್ತಿರ ಬಂದಿದೆ. ಸಾಹೇಬರು ಪೆಟ್ಟಿಗೆ ಸಿದ್ಧಮಾಡಿ ಎನ್ನುತ್ತಿದ್ದಾರೆ. ನಮ್ಮ ಡಾಕ್ಟರು ರೋಗವೇನೂ ಇಲ್ಲ ಅಂದರು. ಆಮೇಲೆ ಕೈ ತೊಳೆದುಕೊಳ್ಳುತ್ತಾ, "ಈ ಸ್ಥಿತೀಲಿ ಮತ್ತೆ ಪೆಟ್ಟಿಗೆಗೆ ಹಾಕಿ ಕಳಿಸಿದ್ರೆ, ಪೆಟ್ಟಿಗೆ ಮಾತ್ರ ತಲುಪುತ್ತೆ" ಅಂದರು.

ಕಾಗದಪತ್ರದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆಯಿರಿ. ಏನಾದರೂ ಸರಿ. ಇವತ್ತು ಪ್ರಾಸವಿಲ್ಲ.

ಪಾಲಕ


ಮಾರ್ಚ್ 29

ಪಾಲಕರೇ,

ಕಾಗದಪತ್ರದಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದೇನೆ. ಅಸಂಬದ್ಧ ಅನ್ನಿಸಿದರೂ ಪೂರ್ತಿ ಓದಿ.

ನಾನೂ ನನ್ನ ತಂಗಿಯೂ ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿದ್ದವರು. ಅವಳು ಕೆಳಗಿನ ಆಸ್ಪತ್ರೆಯಲ್ಲಿ ನರ್ಸು, ಸದಾ ರಾತ್ರಿ ಪಾಳಿ. ನನ್ನದು ಹಗಲು. ಮಂಚ ಒಂದೇ. ನಾನು ಎದ್ದು ಹೊರಡುವಾಗ ಅವಳು ಬರುತ್ತಿದ್ದಳು, ಅವಳು ಎದ್ದು ಹೊರಡುವಾಗ ನಾನು. ಬಾಗಿಲಲ್ಲಿ "ಹಾಲು ಉಕ್ಕಿದೆ, ಒರೆಸಿಲ್ಲ ಕಣೇ", "ಬೀಗದ ಕೈ ಎಲ್ಲಿಟ್ಟೆ?" ಇಷ್ಟೇ ಮಾತು. ಜಗಳವಾಡಲೂ ಪುರಸೊತ್ತಿರಲಿಲ್ಲ. ಕಳೆದ ತಿಂಗಳು ಅವಳಿಗೆ ವರ್ಗವಾಯಿತು. ಇಡೀ ಮಂಚ ನನ್ನದಾಯಿತು, ಒಳ್ಳೆಯದೇ ಆಯಿತು ಎಂದುಕೊಂಡೆ. ಆಗಿನಿಂದ ನಿದ್ದೆ ಸರಿಯಿಲ್ಲ, ವಯಸ್ಸಾಯಿತು ಅಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ದಿನ ಗಮನಿಸಿದೆ: ಹಾಸಿಗೆ ತಣ್ಣಗಿರುತ್ತದೆ. ಇಷ್ಟು ವರ್ಷ ನಾನು ತಣ್ಣನೆಯ ಹಾಸಿಗೆಗೆ ಬಂದೇ ಇರಲಿಲ್ಲ.

ತುಂಡನೂ ಬಂದಿಲ್ಲ. ಹುಟ್ಟಿದಾಗಿನಿಂದ ಅವನು ಕಾಲಿಟ್ಟ ಜಾಗವೆಲ್ಲ ಗುಂಡ ಆಗತಾನೇ ಎದ್ದುಹೋದ ಜಾಗ. ಅಣ್ಣ ಎಂದರೆ ಅವನಿಗೆ ಒಂದು ಪ್ರಾಣಿಯಲ್ಲ, ಬಿಸಿಯಾದ ಒಂದು ತಗ್ಗು, ಒಂದು ವಾಸನೆ. ನಿಮ್ಮಲ್ಲಿ ಬಾಗಿಲ ಈಚೆಗೂ ತುಂಡನ ವಾಸನೆಯೇ, ಆಚೆಗೂ ತುಂಡನದೇ. ಇನ್ನೂ ಅದಲುಬದಲು ಆಗಿಲ್ಲ ಎಂದು ಕಾಯುತ್ತಿದ್ದಾನೆ.

ಇದು ಶಾಸ್ತ್ರವಲ್ಲ, ನನ್ನ ಊಹೆ. ಈ ಪತ್ರದ ಜೊತೆ ಹುಲ್ಲು ತುಂಬಿದ ಗೋಣಿಚೀಲ ಬರುತ್ತಿದೆ. ವಾರವೆಲ್ಲ ಗುಂಡ ಅದರ ಮೇಲೆ ಮಲಗಿದ್ದಾನೆ. ತೊಳೆಯಬೇಡಿ. ತುಂಡ ಬಾಗಿಲಿಗೆ ಬರುವ ಹೊತ್ತಿಗೆ ಬಿಸಿನೀರಿನ ಬಾಟಲಿಯನ್ನು ಅದರೊಳಗೆ ತುರುಕಿ ಆಚೆ ಕೋಣೆಯಲ್ಲಿ ಹಾಕಿ. ನಿಮ್ಮ ಸಾಹೇಬರಿಗೆ ಹೇಳಬೇಡಿ. ನಮ್ಮ ನಿರ್ದೇಶಕರಿಗೆ ನಾನು ಹೇಳಿಲ್ಲ. ಸರಕಿನ ವ್ಯಾನಿನವನಿಗೆ "ಹುಲ್ಲಿನ ಮಾದರಿ" ಅಂದಿದ್ದೇನೆ.

ಮರಿಕೋಣೆಯಿಂದ


ಏಪ್ರಿಲ್ 7

ಅಕ್ಕನವರೇ, (ಇಷ್ಟಾದ ಮೇಲೂ ಮೇಡಂ ಅನ್ನಲು ನಾಲಗೆ ಏಳುತ್ತಿಲ್ಲ)

ತಿಂದ.

ಸಂಜೆ ಬಾಗಿಲಿಗೆ ಬಂದ. ತೆಗೆದೆ. ಆಚೆ ಹೋದವನು ಚೀಲದ ಮುಂದೆ ನಿಂತ. ಮೂತಿಯಿಟ್ಟ, ತೆಗೆದ, ಮತ್ತೆ ಇಟ್ಟ. ಒಂದು ಸುತ್ತು ತಿರುಗಿ ಅದರ ಮೇಲೆ ಕುಕ್ಕರಿಸಿದ, ದಿನವೂ ಹಾಗೇ ಮಾಡುತ್ತಿದ್ದವನ ಹಾಗೆ. ನಾನು ಬೇರೆ ಕಡೆ ನೋಡುತ್ತಾ ನಿಂತೆ. ಹಿಂದಿನಿಂದ ಕರಕರ ಸದ್ದು ಬಂತು. ಬಿದಿರು ಮುರಿಯುವ ಸದ್ದು ಇಷ್ಟು ಚೆನ್ನಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಡಾಕ್ಟರು ಬಂದು ಮೂಗು ಹಿಡಿದುಕೊಂಡರು. "ಏನ್ರೀ ಇದು ನಾತ?"

"ಔಷಧಿ, ಡಾಕ್ಟ್ರೇ."

"ಯಾರು ಬರ್ಕೊಟ್ಟಿದ್ದು?"

"ಅವರಣ್ಣ."

ತೂಕ ಏರತೊಡಗಿದೆ, ಪೆಟ್ಟಿಗೆಯನ್ನು ಸಾಹೇಬರು ಗೋದಾಮಿಗೆ ಹಾಕಿಸಿದ್ದಾರೆ. ಮನೆಯಲ್ಲಿ ಮಾತ್ರ ಸಣ್ಣ ಗಲಾಟೆ. "ನನ್ನ ಸೊಂಟದ ಬಾಟ್ಲಿ ಕರಡಿಗೆ ಕೊಟ್ರಾ?" ಎಂದಳು ಮನೆಯಾಕೆ. ಕರಡಿಗಲ್ಲ, ಪಾಂಡಾಗೆ ಎಂದೆ. "ಎರಡೂ ಒಂದೇ ಜಾತಿ ಅಂತ ನೀವೇ ಹೇಳಿದ್ರಲ್ಲ" ಎಂದಳು. ಹೇಳಿದ್ದೆ. ಅವಳು ಹೊಲಿಗೆಯವಳು, ಬೈದು ಮುಗಿಸಿ ಒಂದು ಗಟ್ಟಿ ಚೀಲ ಹೊಲಿದುಕೊಟ್ಟಳು, ಪತ್ರವಿಡಲು ಪಕ್ಕದಲ್ಲಿ ಜೇಬು ಬೇರೆ. ಅದರ ಮೇಲೆ ತುಂಡನನ್ನು ಮಲಗಿಸಿ ಕಳಿಸುತ್ತಿದ್ದೇನೆ. ಗುಂಡನಿಗೂ ಹಾಸಿಗೆ ತಣ್ಣಗಿರಬಹುದು.

ಫಲಕ ಮೇಲೇರಿದೆ. ಗುಡ್ಡ ತೆಗೆದು "ಗೂಳಿಯಷ್ಟು" ಮಾಡಿದ್ದೇನೆ. ಇದಕ್ಕೂ ನೀವು ತಕರಾರು ತೆಗೆಯುವವರೇ. ಅವಳಿಗೆ ಹೊಸದು:

ಹೆತ್ತದ್ದು ಎರಡು, ಎತ್ತಿದ್ದು ಒಂದು;
ಮತ್ತೊಂದನೆತ್ತಲು ಅಕ್ಕನೇ ಬಂದು!

ಕೆಳಗೆ, "ತುಂಡನ ತಾಯಿಗೆ ಎಷ್ಟು ಮರಿ?" ಎಂಬ ಪ್ರಶ್ನೆಗೆ ನಿಮ್ಮದೇ ಮಾತು ಬರೆಸಿದ್ದೇನೆ: ಹುಟ್ಟಿದ್ದು ಎರಡು, ತಾಯಿಯ ಲೆಕ್ಕಕ್ಕೆ ಒಂದೇ. ಪ್ರಾಸ ಹಚ್ಚಲು ನೋಡಿದೆ. ಆ ಮಾತು ಹತ್ತಿಸಿಕೊಳ್ಳಲಿಲ್ಲ.

ನಿಮ್ಮ,
ಪ್ರಾಸದವ


ಏಪ್ರಿಲ್ 26

ಪ್ರಾಸದವರೇ,

ಚೀಲ ಬಂತು. ಗುಂಡ ಅದನ್ನು ಮೂಲೆಗೆ ಎಳೆದುಕೊಂಡು ಹೋಗಿ ಮಲಗಿದ. ಹುಲ್ಲು ಬದಲಿಸಲು ಹೋದರೆ ನನಗೇ ಹಲ್ಲು ತೋರಿಸಿದ. ಇವನಿಗೂ ತಣ್ಣಗಿತ್ತು ಎಂದು ನನಗೆ ಹೊಳೆದಿರಲಿಲ್ಲ. ತಿನ್ನುತ್ತಿದ್ದನಲ್ಲ, ಅಷ್ಟಕ್ಕೇ ಸುಮ್ಮನಿದ್ದೆ.

ತಾಯಿಯೂ ಬಂದು ಚೀಲ ಮೂಸಿದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ತನ್ನ ಮನೆಯಲ್ಲಿ ತನ್ನ ಮರಿಯ ವಾಸನೆ, ಅಷ್ಟೇ. ಒಂದು ಕೈ ಅದರ ಮೇಲಿಟ್ಟುಕೊಂಡು ತಿನ್ನುವುದನ್ನು ಮುಂದುವರಿಸಿದಳು.

ನನ್ನ ತಂಗಿಗೆ, ನೀನು ಹೊದ್ದ ಹೊದಿಕೆಯೊಂದನ್ನು ಕಳಿಸು ಎಂದು ಬರೆದೆ. "ನಿನಗೇನು ತಲೆ ಕೆಟ್ಟಿದೆಯಾ? ಅಲ್ಲಿ ಅಂಗಡಿಗಳಿಲ್ವಾ?" ಎಂದು ಉತ್ತರ ಬಂತು. ಹೊದಿಕೆಯೂ ಬಂತು.

ನಿಮ್ಮ ಮನೆಯಾಕೆಯ ಹೊಲಿಗೆ ಗಟ್ಟಿಯಾಗಿದೆ ಎಂದು ಹೇಳಿ. ತಿಂಗಳಿಗೊಮ್ಮೆ ವ್ಯಾನು ಆ ಕಡೆ ಬರುತ್ತದೆ. ಹೀಗೇ ಜೇಬಿಟ್ಟು ಇನ್ನೂ ಕೆಲವು ಹೊಲಿಯಲಿ, ಚೀಲಗಳು ಹೋಗಿಬರಲಿ. "ಗೂಳಿಯಷ್ಟು" ಕೂಡ ತಪ್ಪು. ಆದರೆ ಬಿಡಿ.

ಮರಿಕೋಣೆಯಿಂದ


ಜೂನ್ 15

ಅಕ್ಕನವರೇ,

ತುಂಡ ಈಗ ಊರಿನ ದೊಡ್ಡ ಮನುಷ್ಯ. ಬಾಗಿಲ ಮುಂದೆ ಕೂರುವುದು ನಿಂತಿದೆ. ಮರ ಹತ್ತುತ್ತಾನೆ, ಬೀಳುತ್ತಾನೆ, ಯಾರೂ ನೋಡಲಿಲ್ಲವೆಂಬಂತೆ ಎದ್ದು ಹೋಗುತ್ತಾನೆ. ನೀವು ಕಳಿಸಿದ ಚೀಲವನ್ನು ತಲೆಗೆ ಹಾಕಿಕೊಂಡು ಕುರುಡಾಟ ಆಡುತ್ತಾನೆ. ಮೊನ್ನೆ ಅದನ್ನು ಕೊಳಕ್ಕೆ ಎಸೆದ. ಚೀಲ ಮಾತ್ರ ತಪ್ಪದೆ ಕಳಿಸಿ, ಅದಿಲ್ಲದೆ ಇವನಿಗೆ ನಡೆಯುವುದಿಲ್ಲ.

ಜನ ಕೇಳುವುದರಲ್ಲಿ ಕೆಲವಕ್ಕೆ ನಾನೇ ಉತ್ತರ ಬರೆದಿದ್ದೇನೆ.

ಅಪ್ಪಿಕೊಳ್ಳಬಹುದಾ?
ಮುದ್ದು ಮುಖಕ್ಕೆ ಮರುಳಾಗಬೇಡಿ, ಉಗುರಿದೆ ಒಳಗೆ;
ಸದ್ದಿಲ್ಲದೆ ದೂರದಿಂದ ನೋಡಿ, ಕೈ ಇರಲಿ ಹೊರಗೆ.

ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡುತ್ತಾ, ಮೈಬಣ್ಣ ಕಪ್ಪುಬಿಳುಪು ಯಾಕೆ ಎಂಬ ಎರಡಕ್ಕೆ ನಿಮ್ಮ ಉತ್ತರ ಬೇಕು. ಇನ್ನೊಂದು ನನ್ನ ಮಗಳದು. ಇವಳಿಗೆ ಹತ್ತು ವರ್ಷ, ಒಬ್ಬಳೇ ಮಗಳು. ಫಲಕವನ್ನು ಮೇಲಿಂದ ಕೆಳಗೆ ಓದಿ ಕೇಳಿದಳು: "ಅಪ್ಪಾ, ತುಂಡಂಗೆ ತನಗೊಬ್ಬ ಅಣ್ಣ ಇದ್ದಾನೆ ಅಂತ ಗೊತ್ತಾ?"

ವಾಸನೆ ಗೊತ್ತು ಪುಟ್ಟಾ ಎಂದೆ.

"ವಾಸನೆ ಗೊತ್ತಿದ್ರೆ ಗೊತ್ತಿದ್ದಂಗಾ?"

ಪ್ರಶ್ನೆಯನ್ನು ನಿಮಗೆ ದಾಟಿಸಿದ್ದೇನೆ. ಗುಂಡ ಹೇಗಿದ್ದಾನೆ?

ಪ್ರಾಸದವ


ಜುಲೈ 30

ಪ್ರಾಸದವರೇ,

ತಡವಾಯಿತು. ಕೆಲಸವಿತ್ತು. ಚೀಲ ಕಳಿಸಿದ್ದೇನೆ.

ಪಾಂಡಾ ಚಳಿಗಾಲದಲ್ಲಿ ದೀರ್ಘನಿದ್ದೆ ಮಾಡುವುದಿಲ್ಲ. ಬಿದಿರಿನಲ್ಲಿ ಸತ್ವ ಕಡಿಮೆ, ಮೈಯಲ್ಲಿ ಕೊಬ್ಬು ಕೂಡಿಡಲು ಆಗುವುದಿಲ್ಲ. ಆದ್ದರಿಂದ ಎಚ್ಚರವಿದ್ದು ತಿನ್ನುತ್ತಲೇ ಇರಬೇಕು. ಬಿಳಿ ಬಣ್ಣ ಹಿಮದಲ್ಲಿ, ಕಪ್ಪು ಬಣ್ಣ ನೆರಳಿನಲ್ಲಿ ಮರೆಯಾಗಲು ಇರಬಹುದೆಂದು ಬಲ್ಲವರು ಹೇಳುತ್ತಾರೆ. ಖಚಿತವಾಗಿ ಬರೆಯಬೇಡಿ, "ಇರಬಹುದು" ಎಂದೇ ಬರೆಯಿರಿ.

ನಿಮ್ಮ ಮಗಳ ಪ್ರಶ್ನೆಯನ್ನು ಎತ್ತಿಟ್ಟಿದ್ದೇನೆ.

ತುಂಡನ ತೂಕ ಎಷ್ಟು? ಲದ್ದಿ ಹೇಗಿದೆ? ಹೊಟ್ಟೆ ಉಬ್ಬರಿಸಿದ್ದುಂಟೇ? ಬೆನ್ನು ಬಾಗಿಸಿ ಕೂರುತ್ತಾನೆಯೇ? ಪ್ರತಿ ಪತ್ರದಲ್ಲೂ ಬರೆಯಿರಿ. ಪ್ರಾಸ ಬೇಡ.

ಮರಿಕೋಣೆಯ ಮೇಲ್ವಿಚಾರಕಿ


ಆಗಸ್ಟ್ 20

ಅಕ್ಕನವರೇ,

ತೂಕ ಏರಿದೆ. ಹೊಟ್ಟೆ ಉಬ್ಬರವಿಲ್ಲ. ಬೆನ್ನು ಬಾಗಿಲ್ಲ. ಲದ್ದಿಯ ಬಗ್ಗೆ ನನ್ನಲ್ಲಿ ಒಳ್ಳೆಯ ಎರಡು ಸಾಲುಗಳಿದ್ದವು. ಬೇಡ ಎಂದಿರಿ, ತಡೆಹಿಡಿದಿದ್ದೇನೆ.

ನೀವು ಮತ್ತೆ "ಮೇಲ್ವಿಚಾರಕಿ" ಆಗಿಬಿಟ್ಟಿದ್ದೀರಿ. ಫಲಕದಲ್ಲಿ "ಅಕ್ಕನೇ ಬಂದು" ಎಂದು ಬರೆಸಿದ್ದು ಸಲಿಗೆಯಾಯಿತೇನೋ ಎಂದು ಮನೆಯಾಕೆಯನ್ನು ಕೇಳಿದೆ. "ಕೇಳದೆ ಹೆಂಗಸ್ರ ಮೇಲೆ ಪದ ಕಟ್ಟಿದ್ರೆ ಇನ್ನೇನಾಗುತ್ತೆ? ಅಳಿಸಿ" ಎಂದಳು. ನೀವು ಹೂಂ ಎಂದರೆ ಅಳಿಸುತ್ತೇನೆ.

ಇನ್ನೊಂದು ಮಾತು. ಈ ಸಲದ ಚೀಲದಲ್ಲಿ ಗುಂಡನ ವಾಸನೆ ತೀರ ತೆಳ್ಳಗಿತ್ತು. ಮೊದಲೆಲ್ಲ ಪೊಟ್ಟಣ ಬಿಚ್ಚುವ ಮುಂಚೆಯೇ ಟಿಕೆಟ್ ಕೊಡುವಾಕೆ ಕಿಟಕಿ ಮುಚ್ಚುತ್ತಿದ್ದಳು. ಈ ಸಲ ಅವಳಿಗೆ ಗೊತ್ತೇ ಆಗಲಿಲ್ಲ. ಏನು, ಗುಂಡ ಸ್ನಾನ ಶುರುಮಾಡಿದ್ದಾನೋ? ಇಲ್ಲಾ ದೊಡ್ಡವನಾದೆನೆಂದು ನೆಲಕ್ಕೆ ಮೈ ತಾಗಿಸುವುದನ್ನೇ ಬಿಟ್ಟನೋ? ತಮ್ಮನಿಗೆ ಹಾಸಿಗೆ ಬಿಸಿ ಮಾಡಿಕೊಡುವುದು ಅಣ್ಣನ ಧರ್ಮ, ಸೋಮಾರಿತನ ಬೇಡ ಎಂದು ಅವನಿಗೆ ನನ್ನ ಪರವಾಗಿ ಹೇಳಿ.

ಪ್ರಾಸದವ


ಸೆಪ್ಟೆಂಬರ್ 18

ಅಕ್ಕನವರೇ,

ಚೀಲ ಬಂತು. ಜೇಬು ಖಾಲಿಯಿತ್ತು.

ಬಿಚ್ಚಿದೆ. ಅಂಟಿಕೊಂಡ ಕೂದಲು ಉದ್ದ, ಒರಟು. ಮರಿಯದಲ್ಲ. ತುಂಡ ಮೂಸಿ ನೋಡಿದವನು ಕುರಿಮರಿಯ ದನಿಯಲ್ಲಿ ಕೂಗಿದ. ಆ ದನಿ ನಾನು ಕೇಳಿರಲಿಲ್ಲ. ಚೀಲವನ್ನು ಅಲ್ಲೇ ಬಿಟ್ಟು ಬಾಗಿಲ ಮುಂದೆ ಬಂದು ಕೂತ. ಕತ್ತಲಾಗುವ ತನಕ ಕೂತಿದ್ದು ಆಮೇಲೆ ಎದ್ದು ತಿಂದ.

ಇದು ತಾಯಿಯ ಚೀಲ, ಅಲ್ಲವೇ? ಗುಂಡನದು ಎಲ್ಲಿ?

ಪ್ರಾಸದವ


ಸೆಪ್ಟೆಂಬರ್ 27

ಪ್ರಾಸದವರೇ,

ಗುಂಡ ಇಲ್ಲ. ಜುಲೈ ಮೊದಲ ವಾರ ಹೋದ.

ಬೆಳಿಗ್ಗೆ ಬೆನ್ನು ಬಾಗಿಸಿ ಕೂತಿದ್ದ, ತಿನ್ನಲಿಲ್ಲ. ಕರುಳು ತಿರುಚಿಕೊಂಡಿತ್ತು. ಡಾಕ್ಟರು ಕೊಯ್ದು ನೋಡುವ ಹೊತ್ತಿಗೆ ತಡವಾಗಿತ್ತು. ಯಾರ ತಪ್ಪೂ ಇಲ್ಲ ಎಂದು ಬರೆದಿದ್ದಾರೆ. ಪೂರ್ತಿ ವರದಿ ಬರುವವರೆಗೆ ಹೊರಗೆ ಸುದ್ದಿ ಬಿಡಬಾರದೆಂದು ನಿರ್ದೇಶಕರ ಆಜ್ಞೆಯಿತ್ತು. ಆದರೆ ನಾನು ಬರೆಯದಿದ್ದುದಕ್ಕೆ ಅದು ಕಾರಣವಲ್ಲ. ತುಂಡ ತಿನ್ನುತ್ತಿದ್ದ. ಅವನಿಗೆ ಪತ್ರ ಓದಲು ಬರುವುದಿಲ್ಲ, ನಿಮಗೆ ಬರುತ್ತದೆ. ಓದಿದ ಮೇಲೆ ನೀವು ಅವನನ್ನು ಎದುರಿಗೆ ನಿಂತು ನೋಡುತ್ತೀರಿ. ಹಾಗೆ ನೋಡಿದರೆ ಅವನು ತಿನ್ನುವುದಿಲ್ಲ.

ನಿಯಮದಂತೆ ಗುಂಡನ ಕೋಣೆಯದನ್ನೆಲ್ಲ ಸುಟ್ಟರು, ನಿಮ್ಮ ಮನೆಯಾಕೆ ಹೊಲಿದ ಮೊದಲ ಚೀಲವೂ ಹೋಯಿತು. ನಿಮಗೆ ಕಳಿಸಲೆಂದು ಅವನು ಚೆನ್ನಾಗಿದ್ದಾಗ ಮೊದಲೇ ಕಟ್ಟಿಟ್ಟ ಒಂದು ಚೀಲ ಉಗ್ರಾಣದಲ್ಲಿತ್ತು. ನೀವು ತೆಳ್ಳಗಿದೆ ಎಂದದ್ದು ಅದೇ. ಅದಾದ ಮೇಲೆ ತಾಯಿಯದು ಬಿಟ್ಟರೆ ಬೇರೆ ಇರಲಿಲ್ಲ. ಜೇಬಿಗೆ ಏನು ಬರೆದಿಡಬೇಕೋ ತಿಳಿಯಲಿಲ್ಲ.

ಈಗ ಬಾಗಿಲ ಮುಂದೆ ಕೂರುವುದು ತಾಯಿ. ಬೆಳಿಗ್ಗೆ, ಸಂಜೆ. ಮೊದಲ ಕೆಲವು ವಾರ ತಿಂದಳು, ಈಗ ದಿನದಿನಕ್ಕೆ ಕಡಿಮೆ. ಬಟ್ಟಲು ಹಿಡಿದರೆ ಜೇನುನೀರು ಮುಟ್ಟದೆ ನನ್ನ ಕೈ ನೋಡುತ್ತಾಳೆ. ತುಂಡನನ್ನು ವಾಪಸ್ಸು ತರಿಸುವ ಮಾತು ಕಚೇರಿಯಲ್ಲಿ ನಡೆದಿದೆ. "ಇನ್ನೇನಮ್ಮಾ ಮಾಡೋದು, ತಾಯಿ ಮುಖ್ಯ ಅಲ್ವಾ" ಎಂದರು ನಿರ್ದೇಶಕರು. ಪೆಟ್ಟಿಗೆಯ ಬಗ್ಗೆ ನಿಮ್ಮ ಡಾಕ್ಟರು ಹೇಳಿದ್ದು ನೆನಪಿದೆ. ಆ ಮಾತನ್ನು ನಾನು ಇಲ್ಲಿ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ.

"ಅಕ್ಕನೇ ಬಂದು" ಅಳಿಸುವುದು ಬೇಡ.

ಮರಿಕೋಣೆಯಿಂದ


ಅಕ್ಟೋಬರ್ 3

ಅಕ್ಕಾ,

ಕೊನೆಯ ಸಾಲು ಮೊದಲು: ಮೂರು ಚೀಲ ಕಳಿಸಿದ್ದೇನೆ. ತುಂಡನವು. ತೊಳೆಯಬೇಡಿ. ಮನೆಯಾಕೆ ಬಾಟಲಿಯನ್ನೂ ಇಟ್ಟಿದ್ದಾಳೆ. ಸೊಂಟ ಈಗ ಪರವಾಗಿಲ್ಲವಂತೆ. ನೋವು ಇನ್ನೂ ಇದೆ, ಆದರೂ ಇಟ್ಟಿದ್ದಾಳೆ.

ನೀವೇ ಬರೆದದ್ದು, ನಾನೇ ಬಣ್ಣದಲ್ಲಿ ಬರೆಸಿ ನೇತುಹಾಕಿದ್ದು: ತಾಯಿಯ ಲೆಕ್ಕಕ್ಕೆ ಒಂದೇ. ಹಾಗಿದ್ದರೆ ಅವಳ ಮರಿಗೆ ಏನೂ ಆಗಿಲ್ಲ. ಇಲ್ಲಿದೆ. ಇವತ್ತು ಬೆಳಿಗ್ಗೆಯೂ ತಿಂದಿದೆ. ಸರದಿ ಮಾತ್ರ ತಡವಾಗಿದೆ. ಅಷ್ಟನ್ನು ಅವಳಿಗೆ ತಿಳಿಸಲು ಮರಿಯನ್ನೇ ಪೆಟ್ಟಿಗೆಗೆ ಹಾಕಬೇಕಿಲ್ಲ, ಚೀಲ ಸಾಕಾದೀತು. ಇದು ಶಾಸ್ತ್ರವಲ್ಲ, ನನ್ನ ಊಹೆ.

ತುಂಡನ ಬಗ್ಗೆ ಚಿಂತೆ ಬೇಡ. ಮೇ ತಿಂಗಳಿನಿಂದಲೇ ಅವನಿಗೆ ಚೀಲದ ಗರಜಿಲ್ಲ. ಆಟಕ್ಕೆ ಬಿಟ್ಟರೆ ಮುಟ್ಟುವುದಿಲ್ಲ. ಸಾಕು ಎಂದು ಬರೆಯಬಹುದಿತ್ತು. ಚೀಲ ಬರದಿದ್ದರೆ ಜೇಬಿನಲ್ಲಿ ನಿಮ್ಮ ಪತ್ರವೂ ಬರುವುದಿಲ್ಲವಲ್ಲ, ಅದಕ್ಕೇ ಬರೆಯಲಿಲ್ಲ.

ಆಗಸ್ಟಿನಲ್ಲಿ ಸ್ನಾನದ ಬಗ್ಗೆ, ಸೋಮಾರಿತನದ ಬಗ್ಗೆ ಏನೇನೋ ಬರೆದಿದ್ದೆ. ಆ ಪತ್ರ ಹರಿದುಹಾಕಿ.

ಮಗಳಿಗೆ ಹೇಳಿದೆ. "ತುಂಡಂಗೆ ಹೇಳಿದ್ರಾ?" ಎಂದಳು. ಇಲ್ಲ ಎಂದೆ. ಫಲಕದಲ್ಲಿ ಎರಡು ಎಂದಿರುವ ಕಡೆ ಏನು ಮಾಡಲಿ? ಸಾಹೇಬರು, "ತಪ್ಪು ಮಾಹಿತಿ ಆಗುತ್ತಲ್ರೀ, ಬಣ್ಣ ಬಳಿಸಿ ಒಂದು ಅಂತ ಮಾಡ್ಸಿ" ಎನ್ನುತ್ತಿದ್ದಾರೆ. ನೀವು ಹೇಳಿದಂತೆ.

ತಮ್ಮ


ಅಕ್ಟೋಬರ್ 25

ತಮ್ಮಾ,

ತಿಂದಳು.

ಚೀಲವನ್ನು ಸುಮ್ಮನೆ ನೆಲದ ಮೇಲೆ ಹಾಕಲಿಲ್ಲ. ಬಾಟಲಿ ಬಿಸಿಮಾಡಿ ಒಳಗಿಟ್ಟೆ. ಒಂದು ಕೈಯಲ್ಲಿ ಬಟ್ಟಲು ಹಿಡಿದೆ. ಅವಳು ಎಂದಿನಂತೆ ನನ್ನ ಕೈ ನೋಡಿದಳು, ಆಮೇಲೆ ಗಾಳಿ ಮೂಸಿದಳು, ಆಮೇಲೆ ಮೂತಿ ಇಳಿಸಿದಳು. ಇನ್ನೊಂದು ಕೈಯಲ್ಲಿ ಚೀಲವನ್ನು ಅವಳ ತೋಳಿನೊಳಗೆ ಸರಿಸಿದೆ. ಹಳೆಯ ಕೆಲಸ, ಕೈ ಮರೆತಿರಲಿಲ್ಲ. ಬಟ್ಟಲು ಬರಿದು ಮಾಡಿ ತಲೆಯೆತ್ತಿದವಳು ತೋಳಿನಲ್ಲಿದ್ದದ್ದನ್ನು ನೋಡಿ, ಹತ್ತಿರಕ್ಕೆ ಎಳೆದುಕೊಂಡು, ಗೋಡೆಗೆ ಒರಗಿ ಕೂತಳು. ಮಾರನೆಯ ಬೆಳಿಗ್ಗೆ ಬಾಗಿಲಿಗೆ ಬರಲಿಲ್ಲ. ಬಿದಿರು ಮುರಿಯುವ ಸದ್ದು ಕಾರಿಡಾರಿನ ತುದಿಗೇ ಕೇಳುತ್ತಿತ್ತು. ನೀವು ಬರೆದದ್ದು ಸರಿ, ಸದ್ದು ಚೆನ್ನಾಗಿರುತ್ತದೆ.

ನಿರ್ದೇಶಕರು ಬಂದು ನೋಡಿ, "ಹಸಿವಾಗಿರ್ಬೇಕು ಬಿಡಮ್ಮ" ಎಂದು ಹೋದರು. ತುಂಡನನ್ನು ತರಿಸುವ ಮಾತು ನಿಂತಿದೆ. ಮರಿಗೆ ಎರಡು ವರ್ಷ ತುಂಬುತ್ತಿದೆ, ಹೇಗೂ ತಾಯಿಯಿಂದ ದೂರವಾಗುವ ವಯಸ್ಸು. ಕ್ರಮೇಣ ಅವಳೇ ಚೀಲವನ್ನು ಬಿಟ್ಟು ಎದ್ದುಹೋಗುವಳು. ಅಲ್ಲಿಯವರೆಗೆ ಸಾಕಾಗುವಷ್ಟು ಚೀಲಗಳಿವೆ. ಬಾಟಲಿ ಹಿಂದಕ್ಕೆ ಕಳಿಸಿದ್ದೇನೆ, ನಿಮ್ಮ ಮನೆಯಾಕೆಗೆ ಕೊಡಿ.

ಆಗಸ್ಟಿನ ಪತ್ರ ಹರಿದಿಲ್ಲ. ಅದರಲ್ಲಿ ಗುಂಡ ಬದುಕಿದ್ದಾನೆ, ಸೋಮಾರಿಯಾಗಿದ್ದಾನೆ. ಸೋಮಾರಿಯೇ ಆಗಿದ್ದ.

ಫಲಕಕ್ಕೆ ಬಣ್ಣ ಬಳಿಸಬೇಡಿ. ನಿಮ್ಮ ಸಾಹೇಬರಿಗೆ ಹೇಳಿ: ತಾಯಿಗೆ ಒಂದು, ಅದು ಇದೆ. ತುಂಡನಿಗೆ ಒಂದು ವಾಸನೆಯಿತ್ತು, ಅದು ಮರೆತುಹೋಗಿದೆ. ಎರಡು ಎಂದು ಎಣಿಸಿದವಳು ನಾನೊಬ್ಬಳೇ. ಹುಟ್ಟಿದ್ದು ಎರಡು ಎಂದು ಎಲ್ಲಾದರೂ ಒಂದು ಕಡೆ ಬರೆದಿರಲಿ.

ಅಕ್ಕ